ಪರ್ಸಿನ ಅಂಚಿನಲ್ಲಿ ಒಂದು ಪಾಠ

ಅಪ್ಪನ ಜೇಬಿನಲ್ಲಿರುವ ಹಳೆಯ ಪರ್ಸನ್ನು ಒಮ್ಮೆ ಕೇಳಿ ಪಡೆಯಿರಿ. ಹಣ ಎಣಿಸುವುದಕ್ಕಲ್ಲ, ಅಂಚು ನೋಡುವುದಕ್ಕೆ. ಪರ್ಸಿನ ನಡುಭಾಗದ ಹೊಳಪು ಹೋಗಿರಬಹುದು, ಬಣ್ಣ ಮಾಸಿರಬಹುದು. ಆದರೆ ಬಿರುಕು ಬಿಟ್ಟಿರುವುದು, ಬಿಚ್ಚಿಕೊಂಡಿರುವುದು, ನೂಲು ಕಿತ್ತುಕೊಂಡಿರುವುದು ಬಹುಮಟ್ಟಿಗೆ ಅಂಚಿನಲ್ಲಿಯೇ. ಜೇಬಿಗೆ ಹಾಕುವಾಗ, ತೆಗೆಯುವಾಗ ಉಜ್ಜಾಟವೆಲ್ಲ ಅಂಚಿನ ಪಾಲಿಗೆ. ಬೆವರು ಮೊದಲು ಇಳಿಯುವುದೂ ಅಲ್ಲಿಗೇ.

ಈಗ ಆ ಅಂಚನ್ನು ಬೆರಳಿನಿಂದ ಸವರಿ ನೋಡಿ. ಕತ್ತರಿಸಿದ ಚರ್ಮದ ಒರಟು ಕೈಗೆ ತಾಗುವುದಿಲ್ಲ. ಚರ್ಮವನ್ನು ಒಳಕ್ಕೆ ಮಡಿಸಿ, ಅಂಟಿಸಿ, ಅದರ ಮೇಲೆ ಹೊಲಿಗೆ ಹಾಕಿರುತ್ತಾರೆ. ಅಗಲ ನಾಲ್ಕೈದು ಮಿಲಿಮೀಟರ್ ಇದ್ದೀತು. ಇಷ್ಟು ಸಣ್ಣ ಮಡಿಕೆಯನ್ನು ಸುತ್ತಲೂ ಒಂದೇ ಅಳತೆಯಲ್ಲಿ, ಮೂಲೆಯಲ್ಲಿಯೂ ಗಂಟು ಕಟ್ಟದಂತೆ ತಿರುಗಿಸಲು ಒಂದು ಪ್ರತ್ಯೇಕ ಯಂತ್ರವೇ ಇದೆ. ಅದರ ಹೆಸರು ಅಂಚು ಮಡಿಸುವ ಯಂತ್ರ. ಕಾರ್ಖಾನೆಯವರ ಮಾತಿನಲ್ಲಿ ಫೋಲ್ಡಿಂಗ್ ಮಷಿನ್. ನೋಡಲು ಹೊಲಿಗೆ ಯಂತ್ರದ ತಮ್ಮನಂತೆ ಇರುವ ಇದರ ಕೆಲಸದಲ್ಲಿ ಒಂಬತ್ತು, ಹತ್ತನೆಯ ತರಗತಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ರೇಖಾಗಣಿತ ಮೂರೂ ಸೇರಿಕೊಂಡಿವೆ.

ಊರಿನ ತೊಗಲು, ಊರಾಚೆಯ ಬೆಲೆ

ಪಾವಗಡ, ಸಿರಾ, ಮಧುಗಿರಿ, ಕೊರಟಗೆರೆ ಕಡೆಯವರಿಗೆ ಕುರಿ, ಮೇಕೆ ಹೊಸವಲ್ಲ. ಮಳೆ ಕೈಕೊಟ್ಟ ವರ್ಷ ಕಡಲೆಕಾಯಿ ಹೊಲ ಏನೂ ಕೊಡದಿದ್ದರೂ ಮಂದೆ ಒಂದಿಷ್ಟು ಕೈ ಹಿಡಿಯುತ್ತದೆ. ಕುರಿಯ ಮಾಂಸಕ್ಕೆ, ಗೊಬ್ಬರಕ್ಕೆ ಊರಿನಲ್ಲಿಯೇ ಬೆಲೆ ಉಂಟು. ತೊಗಲು ಮಾತ್ರ ಉಪ್ಪು ಹಚ್ಚಿಸಿಕೊಂಡು ಊರು ಬಿಡುತ್ತದೆ. ಅದೇ ತೊಗಲು ಎಲ್ಲಿಯೋ ಹದಗೊಂಡು, ಬಣ್ಣ ಹಚ್ಚಿಸಿಕೊಂಡು, ಪರ್ಸಾಗಿ, ಕೈಚೀಲವಾಗಿ ಪೇಟೆಯ ಗಾಜಿನ ಕಪಾಟಿಗೆ ಬಂದಾಗ ಅದರ ಬೆಲೆಯನ್ನು ಮೂಲದ ಬೆಲೆಯೊಂದಿಗೆ ಹೋಲಿಸುವಂತೆಯೇ ಇರುವುದಿಲ್ಲ. ನಡುವಿನ ವ್ಯತ್ಯಾಸದ ದೊಡ್ಡ ಪಾಲು ಕೈಕೆಲಸಕ್ಕೆ ಸಲ್ಲುವಂಥದು. ಆ ಕೈಕೆಲಸದ ಗುಣ ಮೊದಲು ಕಾಣುವುದು ಅಂಚಿನಲ್ಲಿ.

ಹಾಗಿದ್ದರೆ ಈ ಕೆಲಸ ಕಲಿಯಲು ಮಕ್ಕಳು ಏಕೆ ಮುಂದಾಗುವುದಿಲ್ಲ? ಉತ್ತರ ಎಲ್ಲರಿಗೂ ಗೊತ್ತು. ಚರ್ಮದ ಕೆಲಸ ಎಂದರೆ ಮೂಗು ಮುರಿಯುವ ಸಮಾಜ ನಮ್ಮದು. ತಲೆಮಾರುಗಳಿಂದ ಈ ಕೆಲಸ ಮಾಡಿದ ಮನೆಗಳ ತಂದೆತಾಯಿಯರೇ, ಪಟ್ಟ ಅವಮಾನ ಸಾಕು, ಮಕ್ಕಳಿಗೆ ಇದು ಬೇಡ ಎನ್ನುತ್ತಾರೆ. ಅವರ ಮಾತಿನಲ್ಲಿ ನ್ಯಾಯವಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನಂಥ ಚರ್ಮಕಾರ ಶರಣನನ್ನು ಕಂಡ ನಾಡು ಇದು. ಆದರೂ ಆ ಗೌರವ ಕಥೆಯಲ್ಲಿ ಉಳಿದಷ್ಟು ಬೀದಿಯಲ್ಲಿ ಉಳಿಯಲಿಲ್ಲ. ಇಷ್ಟಾದರೂ ಒಂದು ಮಾತು ನೆನಪಿಡಬೇಕು: ಇಂದಿನ ಚರ್ಮದ ವಸ್ತುಗಳ ಕಾರ್ಖಾನೆಯಲ್ಲಿ ಹಸಿ ತೊಗಲು ಇರುವುದಿಲ್ಲ, ವಾಸನೆ ಇರುವುದಿಲ್ಲ. ಅಲ್ಲಿರುವುದು ಅಳತೆಪಟ್ಟಿ, ಉಷ್ಣತೆಯ ಗುಂಡಿ, ಮೋಟರು, ಮತ್ತು ಲೆಕ್ಕ. ಯಾವ ಮನೆಯಿಂದ ಬಂದ ಮಗುವಾದರೂ ಕಲಿಯಬಹುದಾದ ತಾಂತ್ರಿಕ ಕೆಲಸ ಅದು.

ಪಾವಗಡದ ಹುಡುಗನೊಬ್ಬ ಎಸ್ಸೆಸ್ಸೆಲ್ಸಿ ಮುಗಿಸಿ, ಕೆಲವು ತಿಂಗಳು ತರಬೇತಿ ಪಡೆದು ಬೆಂಗಳೂರಿನ ಕೈಚೀಲದ ಕಾರ್ಖಾನೆಯೊಂದಕ್ಕೆ ಸೇರಿದ ಎಂದುಕೊಳ್ಳಿ. ಮೊದಲ ದಿನ ಅವನನ್ನು ಮಡಿಸುವ ಯಂತ್ರದ ಮುಂದೆ ಕೂರಿಸುತ್ತಾರೆ. ಪೆಡಲ್ ಒತ್ತಿದರೆ ಯಂತ್ರ ಟಕಟಕ ಎಂದು ಮಡಿಸುತ್ತ ಹೋಗುತ್ತದೆ. ಇಷ್ಟೇನಾ ಎಂದು ಅವನಿಗೆ ಅನ್ನಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಅವನು ಮಡಿಸಿದ ತುಂಡುಗಳಲ್ಲಿ ಅರ್ಧ ವಾಪಸು ಬರುತ್ತವೆ. ಕೆಲವು ಬಿರಿದಿವೆ, ಕೆಲವು ಬಿಚ್ಚಿಕೊಂಡಿವೆ, ಮೂಲೆಗಳಲ್ಲಿ ಗಂಟು ಕಟ್ಟಿದೆ. ‘ಅಣ್ಣಾ, ಮಷಿನ್ ಸರಿಯಿಲ್ಲ’ ಎನ್ನುತ್ತಾನೆ ಹುಡುಗ. ಪಕ್ಕದ ಹಿರಿಯ ಕೆಲಸಗಾರ ನಗುತ್ತಾನೆ: ‘ಮಷಿನ್ ಸರಿಯಾಗಿದೆ ತಮ್ಮಾ, ಅದಕ್ಕೆ ನೀನು ಕೊಟ್ಟ ಚರ್ಮ ಸರಿಯಿಲ್ಲ.’

ಆ ಹಿರಿಯನ ಮಾತಿನ ಅರ್ಥವೇನು? ಒಂದೊಂದಾಗಿ ನೋಡೋಣ.

ಚರ್ಮ ಎಂದರೆ ಎಳೆಗಳ ಹೆಣಿಗೆ

ಚರ್ಮ ಕಾಗದದಂತೆ ಒಂದೇ ಸಮನಾದ ವಸ್ತುವಲ್ಲ. ಅದು ಕಾಲಜನ್ ಎಂಬ ಪ್ರೋಟೀನಿನ ಎಳೆಗಳು ಒಂದರೊಳಗೊಂದು ಹೆಣೆದುಕೊಂಡು ಆದದ್ದು. ಕೂದಲಿದ್ದ ಮೇಲ್ಮುಖದಲ್ಲಿ ಎಳೆಗಳು ಬಹಳ ಸಣ್ಣ, ಒತ್ತೊತ್ತು. ಮಾಂಸಕ್ಕೆ ಅಂಟಿದ್ದ ಒಳಮುಖದ ಕಡೆಗೆ ಎಳೆಗಳು ದಪ್ಪ, ಸಡಿಲ. ಮೇಕೆಯ ಚರ್ಮದ ಹೆಣಿಗೆ ಬಿಗಿ, ಕುರಿಯದು ಸಡಿಲ. ಒಂದೇ ತೊಗಲಿನಲ್ಲಿಯೂ ಬೆನ್ನಿನ ಭಾಗ ಗಟ್ಟಿ, ಹೊಟ್ಟೆಯ ಭಾಗ ಮೆತು.

ಹಸಿ ತೊಗಲನ್ನು ಹಾಗೆಯೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಹಲಗೆಯಾಗುತ್ತದೆ. ಹದ ಮಾಡುವುದು ಎಂದರೆ ಕಾಲಜನ್ ಎಳೆಗಳ ನಡುವೆ ಬಂಧ ಬೀಳುವಂತೆ ಮಾಡಿ ಈ ಎರಡನ್ನೂ ತಪ್ಪಿಸುವುದು. ಪಾವಗಡದ ಬಯಲಿನಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ತಂಗಡಿ ಗಿಡವನ್ನು ನೋಡದವರಿಲ್ಲ. ಆವರಿಕೆ ಎಂದೂ ಅದನ್ನು ಕರೆಯುತ್ತಾರೆ. ಅದರ ತೊಗಟೆಯಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ಶತಮಾನಗಳಿಂದ ದಕ್ಷಿಣ ಭಾರತದ ಚರ್ಮ ಹದ ಮಾಡಿದೆ. ಕುರಿ ಕಾಯುವ ಹುಡುಗ ಕಾಲಿನಿಂದ ತಳ್ಳಿಕೊಂಡು ಹೋಗುವ ಈ ಗಿಡ ಒಂದು ಕಾಲಕ್ಕೆ ಕಡಲಾಚೆ ಹೋಗುತ್ತಿದ್ದ ಚರ್ಮದ ಜೀವಾಳವಾಗಿತ್ತು. ಅಮೆರಿಕದಲ್ಲಿ ಆಗಸ್ಟಸ್ ಷುಲ್ಟ್ಸ್ 1884ರಲ್ಲಿ ಪೇಟೆಂಟ್ ಪಡೆದ ಕ್ರೋಮಿಯಂ ಲವಣದ ವಿಧಾನ ಬಂದ ಮೇಲೆ ಹದದ ಕೆಲಸ ಬೇಗ ಮುಗಿಯತೊಡಗಿತು. ಹಸಿ ತೊಗಲು ಸುಮಾರು 60–65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಮುದುಡಿಕೊಳ್ಳುತ್ತದೆ. ತೊಗಟೆಯಲ್ಲಿ ಹದಗೊಂಡದ್ದು ಇನ್ನೂ ಹತ್ತಿಪ್ಪತ್ತು ಡಿಗ್ರಿ ಹೆಚ್ಚು ತಾಳುತ್ತದೆ. ಚೆನ್ನಾಗಿ ಕ್ರೋಮ್ ಹದ ಆದ ಚರ್ಮ ಕುದಿಯುವ ನೀರಿಗೂ ಜಗ್ಗುವುದಿಲ್ಲ.

ಯಂತ್ರದ ಮುಂದೆ ಕುಳಿತವನಿಗೆ ಇದೆಲ್ಲ ಏಕೆ ಬೇಕು? ಮಡಿಸುವಾಗ ಹೊರಮುಖ ಎಳೆಯಲ್ಪಡುತ್ತದೆ, ಒಳಮುಖ ಒತ್ತಲ್ಪಡುತ್ತದೆ. ಎಳೆತಕ್ಕೆ ಸಿಗುವುದು ಆ ಸಣ್ಣ ಎಳೆಗಳ ಮೇಲ್ಪದರವೇ. ಚರ್ಮ ದಪ್ಪವಾದಷ್ಟೂ ಎಳೆತ ಹೆಚ್ಚು. ಮಿತಿ ಮೀರಿದರೆ ಬಣ್ಣ ಬಿರಿಯುತ್ತದೆ, ಬಳಿಕ ಚರ್ಮವೇ ಬಿರಿಯುತ್ತದೆ. ನಮ್ಮ ಹುಡುಗನ ಮೊದಲ ತಪ್ಪು ಇದು: ದಪ್ಪ ಅಂಚನ್ನು ಹಾಗೆಯೇ ಮಡಿಸಲು ಹೊರಟದ್ದು.

ಮೊದಲು ತೆಳು, ಆಮೇಲೆ ಮಡಿಕೆ

ಚಪ್ಪಲಿ ಹೊಲಿಯುವವರ ಮುಂದೆ ಒಂದು ಅಗಲ ಬಾಯಿಯ ಚೂಪು ಅಲಗು ಇರುತ್ತದೆ. ಅದು ರಂಪಿಗೆ. ಅದನ್ನು ಓರೆಯಾಗಿ ಹಿಡಿದು ಚರ್ಮದ ಒಳಮುಖವನ್ನು ಹೆರೆದು ಅಂಚನ್ನು ತೆಳು ಮಾಡುತ್ತಾರೆ. ಕಾರ್ಖಾನೆಯಲ್ಲಿ ಇದೇ ಕೆಲಸವನ್ನು ಗಂಟೆಯಾಕಾರದ ತಿರುಗುವ ಅಲಗಿರುವ ಯಂತ್ರ ಮಾಡುತ್ತದೆ. ಇದಕ್ಕೆ ಸ್ಕೈವಿಂಗ್ ಎಂದು ಹೆಸರು. ಚರ್ಮ 1.2 ಮಿ.ಮೀ. ದಪ್ಪವಿದ್ದರೆ ಅಂಚನ್ನು 0.6 ಮಿ.ಮೀ.ಗೆ ಇಳಿಸುತ್ತಾರೆ. ಆಗ ಎರಡು ಪದರ ಸೇರಿದರೂ ಮತ್ತೆ 1.2 ಮಿ.ಮೀ. ಆಗಿ, ಅಂಚು ಉಬ್ಬದೆ ಉಳಿದ ಭಾಗಕ್ಕೆ ಸಮನಾಗುತ್ತದೆ. ಮಡಿಕೆಯ ಅಗಲ 5 ಮಿ.ಮೀ. ಇದ್ದರೆ ತೆಳು ಮಾಡುವ ಪಟ್ಟಿ ಸುಮಾರು 10 ಮಿ.ಮೀ. ಬೇಕು. ಏಕೆಂದರೆ ಮೇಲೆ ಬೀಳುವ ಪದರ, ಕೆಳಗಿರುವ ಪದರ ಎರಡೂ ತೆಳುವಾಗಿರಬೇಕು.

ದಪ್ಪ ಅರ್ಧ ಮಾಡಿದರೆ ಬಾಗಿಸುವ ಶ್ರಮ ಎಷ್ಟು ಕಡಿಮೆಯಾಗುತ್ತದೆ? ಅರ್ಧವಲ್ಲ. ಒಂದು ಪಟ್ಟಿಯ ಬಾಗದ ಗುಣ ಅದರ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. ದಪ್ಪ ಅರ್ಧವಾದರೆ ಬಿಗುವು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಪೋಸ್ಟ್ ಕಾರ್ಡಿನಂಥ ರಟ್ಟಿನಿಂದ ಒಂದೇ ಅಳತೆಯ ಮೂರು ಪಟ್ಟಿ ಕತ್ತರಿಸಿ. ಎರಡನ್ನು ಇಡಿಯಾಗಿ ಅಂಟಿಸಿ ಒಣಗಿಸಿ. ಒಂಟಿ ಪಟ್ಟಿಯನ್ನೂ ಜೋಡಿ ಪಟ್ಟಿಯನ್ನೂ ಮೇಜಿನ ಅಂಚಿನಿಂದ ಸಮನಾಗಿ ಹೊರಚಾಚಿ, ಹಿಂಬದಿಗೆ ಪುಸ್ತಕ ಹೇರಿ, ತುದಿಗೆ ಒಂದೊಂದು ನಾಣ್ಯ ಇಡಿ. ಒಂಟಿ ಪಟ್ಟಿ ತಲೆ ಬಾಗಿಸುತ್ತದೆ. ಜೋಡಿ ಪಟ್ಟಿ ಸ್ವಲ್ಪವೇ ಬಗ್ಗುತ್ತದೆ. ನಾಣ್ಯದಿಂದಾದ ಬಾಗನ್ನು ಅಳತೆಪಟ್ಟಿಯಲ್ಲಿ ಅಳೆದು ಹೋಲಿಸಿ. ಹೀಗೆ ಹೆರೆದ ಚರ್ಮವನ್ನು ಮಡಿಸುವಾಗ ಯಂತ್ರಕ್ಕೂ ಶ್ರಮ ಕಡಿಮೆ, ಮಡಿಕೆಗೂ ಹಿಂದಕ್ಕೆ ಪುಟಿಯುವ ಚಪಲ ಕಡಿಮೆ.

ಎಲ್ಲ ಚರ್ಮದ ವಸ್ತುವಿಗೂ ಮಡಿಕೆ ಬೇಕೆಂದೇನೂ ಇಲ್ಲ. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳನ್ನೂ ಒಳಗೊಂಡು 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿಯ ಅಟ್ಟೆಯನ್ನು ನೋಡಿ. ತೊಗಟೆಯಲ್ಲಿ ಹದಗೊಂಡ ದಪ್ಪ ಚರ್ಮವನ್ನು ಕತ್ತರಿಸಿದಂತೆಯೇ ಬಿಟ್ಟು ಹೊಲಿದಿರುತ್ತಾರೆ. ಗಟ್ಟಿ ಹೆಣಿಗೆಯ ಚರ್ಮಕ್ಕೆ ಅದು ಒಪ್ಪುತ್ತದೆ. ತೆಳುವಾದ, ಮೆತುವಾದ ಚರ್ಮದ ಕೈಚೀಲಕ್ಕೆ ಕತ್ತರಿಸಿದ ಅಂಚು ಬೇಗ ಎಳೆ ಬಿಡುತ್ತದೆ. ಅಲ್ಲಿ ಮಡಿಕೆಯೇ ಲೇಸು.

ಮೂಲೆಯ ಲೆಕ್ಕ

ನೇರ ಅಂಚು ಮಡಿಸುವುದು ಸುಲಭ. ಪರೀಕ್ಷೆ ಇರುವುದು ಮೂಲೆಯಲ್ಲಿ. ಕಂಪಾಸು ತೆಗೆದುಕೊಂಡು ಕಾಗದದ ಮೇಲೆ ಒಂದೇ ಕೇಂದ್ರದಿಂದ 15, 20, 25 ಮಿ.ಮೀ. ತ್ರಿಜ್ಯದ ಮೂರು ಕಾಲುವೃತ್ತಗಳನ್ನು ಎಳೆಯಿರಿ. ನಡುವಿನದು ಮಡಿಕೆಯ ಗೆರೆ, ಹೊರಗಿನದು ಕತ್ತರಿಸಿದ ಅಂಚು. ಮಡಿಸಿದಾಗ ಹೊರಗಿನ ಅಂಚು ಹೋಗಿ ಕೂರಬೇಕಾದ ಜಾಗ ಒಳಗಿನ ಗೆರೆ. ಹೊರಗಿನ ಕಂಸದ ಉದ್ದ ಸುಮಾರು 39.3 ಮಿ.ಮೀ., ಒಳಗಿನದು 23.6 ಮಿ.ಮೀ. ಅಂದರೆ 15.7 ಮಿ.ಮೀ. ಚರ್ಮ ಹೆಚ್ಚುವರಿ. ಅದಕ್ಕೆ ಹೋಗಲು ಜಾಗವಿಲ್ಲ. ಅದೇ ಗಂಟು.

ಮೂಲೆಯ ತ್ರಿಜ್ಯವನ್ನು 40 ಮಿ.ಮೀ. ಮಾಡಿದರೆ? ಹೊರಕಂಸ 70.7, ಒಳಕಂಸ 55. ಹೆಚ್ಚುವರಿ ಮತ್ತೆ 15.7 ಮಿ.ಮೀ.! ಯಾವುದೇ ತ್ರಿಜ್ಯವಿರಲಿ, ಲಂಬಕೋನದ ಮೂಲೆಯಲ್ಲಿ ಹೆಚ್ಚುವರಿ ಉದ್ದ ಮಡಿಕೆಯ ಅಗಲದ ಪೈ ಪಟ್ಟು. ಇದನ್ನು ಬೀಜಗಣಿತದಿಂದ ಸಾಧಿಸುವುದು ಹತ್ತನೆಯ ತರಗತಿಯವರಿಗೆ ಎರಡು ಸಾಲಿನ ಕೆಲಸ. ಹಾಗಾದರೆ ದೊಡ್ಡ ಮೂಲೆ ಏಕೆ ಸುಲಭ? ಅದೇ ಹೆಚ್ಚುವರಿ ಉದ್ದ ಹೆಚ್ಚು ದೂರಕ್ಕೆ ಹಂಚಿಹೋಗುತ್ತದೆ. ಮೊದಲ ಮೂಲೆಯಲ್ಲಿ ನೂರಕ್ಕೆ 40 ಪಾಲು ಕುಗ್ಗಬೇಕು, ಎರಡನೆಯದರಲ್ಲಿ 22 ಪಾಲು ಸಾಕು. ಮಡಿಕೆಯ ಅಗಲವನ್ನೇ 5ರಿಂದ 4 ಮಿ.ಮೀ.ಗೆ ಇಳಿಸಿದರೆ ಹೆಚ್ಚುವರಿಯೂ 12.6 ಮಿ.ಮೀ.ಗೆ ಇಳಿಯುತ್ತದೆ.

ಒಳಕ್ಕೆ ಬಾಗಿದ ಅಂಚಿನಲ್ಲಿ ಕಥೆ ತಿರುಗುಮುರುಗು. ಅಲ್ಲಿ ಚಿಕ್ಕ ಕಂಸ ದೊಡ್ಡ ಕಂಸದ ಮೇಲೆ ಹೋಗಿ ಕೂರಬೇಕು. ಅಷ್ಟೇ ಉದ್ದ ಕಡಿಮೆ ಬೀಳುತ್ತದೆ; ಎಳೆದರೆ ಹರಿಯುತ್ತದೆ. ಆದ್ದರಿಂದ ಅಂಚಿಗೆ ಸಣ್ಣ ಸಣ್ಣ ಕಚ್ಚು ಹಾಕುತ್ತಾರೆ. ಮಡಿಸಿದಾಗ ಅವು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ರವಿಕೆಯ ಕೊರಳಿಗೆ ದರ್ಜಿ ಕಚ್ಚು ಹಾಕುವುದೂ ಇದೇ ಕಾರಣಕ್ಕೆ. ಅಮ್ಮನಿಗೆ ಹೊಲಿಗೆ ಬರುವುದಾದರೆ ಕೇಳಿ ನೋಡಿ, ಲೆಕ್ಕ ಮಾಡದೆಯೇ ಉತ್ತರ ಹೇಳುತ್ತಾರೆ.

ಯಂತ್ರದೊಳಗೆ ಏನಿದೆ?

ಚರ್ಮಕ್ಕಾಗಿ ಯಂತ್ರ ಮಾಡುವ ಪ್ರಯತ್ನ ಹಳೆಯದು. ಇಂಗ್ಲೆಂಡಿನ ಥಾಮಸ್ ಸೇಂಟ್ 1790ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು ಬಟ್ಟೆಗಿಂತ ಚರ್ಮವನ್ನು ಮನಸ್ಸಿನಲ್ಲಿಟ್ಟುಕೊಂಡು. ದಕ್ಷಿಣ ಅಮೆರಿಕದ ಸುರಿನಾಮಿನಲ್ಲಿ ಹುಟ್ಟಿ ಅಮೆರಿಕದ ಲಿನ್ ಪಟ್ಟಣದ ಷೂ ಕಾರ್ಖಾನೆಗೆ ಸೇರಿದ ಜಾನ್ ಮಾಟ್ಸೆಲಿಗರ್ ಎಂಬ ಕರಿಯ ಕಾರ್ಮಿಕ, ಷೂವಿನ ಮೇಲ್ಚರ್ಮವನ್ನು ಅಚ್ಚಿನ ಮೇಲೆ ಎಳೆದು ಕೂರಿಸುವ ಯಂತ್ರಕ್ಕೆ 1883ರಲ್ಲಿ ಪೇಟೆಂಟ್ ಪಡೆದ. ಆ ಕೆಲಸ ಕೈಯಿಂದಲ್ಲದೆ ಆಗದು ಎಂದು ಆವರೆಗೆ ಎಲ್ಲರೂ ನಂಬಿದ್ದರು. ಅವನು ನುರಿತ ಕೆಲಸಗಾರರ ಬೆರಳುಗಳ ಚಲನೆಯನ್ನು ದಿನಗಟ್ಟಲೆ ನೋಡಿ, ಅದನ್ನು ಕಬ್ಬಿಣಕ್ಕೆ ಕಲಿಸಿದ.

ಮಡಿಸುವ ಯಂತ್ರದಲ್ಲಿಯೂ ಬೆರಳುಗಳೇ ಇವೆ, ಲೋಹದ ಬೆರಳುಗಳು. ಮೊದಲನೆಯದು ಒಂದು ತಡೆ. ಚರ್ಮದ ಅಂಚು ಅದಕ್ಕೆ ಆನಿಕೊಂಡು ಸಾಗುವುದರಿಂದ ಮಡಿಕೆಯ ಅಗಲ ನಿಗದಿಯಾಗುತ್ತದೆ. ಎರಡನೆಯದು ಅಂಚನ್ನು ಎತ್ತಿ ನಿಲ್ಲಿಸುವ ಸೊಟ್ಟ ದಾರಿ. ಅಲ್ಲಿಯೇ ಒಂದು ನಾಜಲಿನಿಂದ ಬಿಸಿ ಅಂಟು ಸಣ್ಣ ಗೆರೆಯಾಗಿ ಬೀಳುತ್ತದೆ. ಮೂರನೆಯದು ನಿಂತ ಅಂಚನ್ನು ಮಲಗಿಸುವ ಪಾದ. ನಾಲ್ಕನೆಯದು ಮಡಿಕೆಯನ್ನು ತಟ್ಟಿ ಒತ್ತುತ್ತ ಮುಂದಕ್ಕೆ ತಳ್ಳುವ ಪುಟ್ಟ ಸುತ್ತಿಗೆ. ಒಳಬಾಗಿನ ಅಂಚಿಗೆ ಕಚ್ಚು ಹಾಕುವ ಚಿಕ್ಕ ಅಲಗೂ ಪಕ್ಕದಲ್ಲಿರುತ್ತದೆ. ಪೆಡಲಿನಿಂದ ವೇಗ ಹಿಡಿತದಲ್ಲಿರುತ್ತದೆ. ಹೊರಮೂಲೆ ಬಂದಾಗ ನುರಿತ ಕೆಲಸಗಾರ ವೇಗ ತಗ್ಗಿಸಿ, ಸುತ್ತಿಗೆಯ ಹೆಜ್ಜೆಯನ್ನು ಚಿಕ್ಕದು ಮಾಡುತ್ತಾನೆ. ಆಗ 15.7 ಮಿ.ಮೀ. ಹೆಚ್ಚುವರಿ ಒಂದೇ ಕಡೆ ಗುಡ್ಡೆಯಾಗದೆ ಹತ್ತಾರು ಸಣ್ಣ ನೆರಿಗೆಗಳಾಗಿ ಹಂಚಿಹೋಗುತ್ತದೆ. ನಮ್ಮ ಹುಡುಗ ಮೂಲೆಯಲ್ಲಿಯೂ ನೇರ ಅಂಚಿನ ವೇಗದಲ್ಲಿಯೇ ಹೋಗಿದ್ದ. ಗಂಟು ಕಟ್ಟಿದ್ದು ಅದಕ್ಕೆ.

ಅಂಟಿನ ಗುಣ, ಅಂಟಿನ ಅಪಾಯ

ಈ ಯಂತ್ರದ ಅಂಟು ಕಡ್ಡಿ ಅಥವಾ ಹರಳಿನ ರೂಪದ ಗಟ್ಟಿ ಪ್ಲಾಸ್ಟಿಕ್. ನೂರು ಡಿಗ್ರಿಗಿಂತ ಸಾಕಷ್ಟು ಹೆಚ್ಚು ಕಾಯಿಸಿದಾಗ ಜೇನಿನಂತೆ ಹರಿಯುತ್ತದೆ. ತಣಿದೊಡನೆ ಗಟ್ಟಿಯಾಗಿ ಹಿಡಿಯುತ್ತದೆ. ಕಾವು ಕಡಿಮೆಯಾದರೆ ಚರ್ಮದ ಎಳೆಗಳ ನಡುವೆ ಇಳಿಯುವ ಮೊದಲೇ ಹೆಪ್ಪುಗಟ್ಟಿ, ಮಡಿಕೆ ಮಾರನೆಯ ದಿನ ಬಾಯಿ ಬಿಡುತ್ತದೆ. ಕಾವು ಹೆಚ್ಚಾದರೆ ಅಂಟು ನೀರಾಗಿ ಹೊರಗೆ ಜಿನುಗುತ್ತದೆ, ಸುಟ್ಟು ಕಪ್ಪಾಗುತ್ತದೆ. ಆದ್ದರಿಂದ ಅಂಟು ತಯಾರಿಸಿದವರು ಹೇಳಿದ ಉಷ್ಣತೆಯನ್ನೇ ಇಡಬೇಕು. ಅಂದಾಜು ಇಲ್ಲಿ ನಡೆಯದು.

ಸಣ್ಣ ಕೆಲಸದ ಕೋಣೆಗಳಲ್ಲಿ ಇಂದಿಗೂ ಡಬ್ಬಿಯ ಸಲ್ಯೂಷನ್ ಹಚ್ಚಿ, ಒಣಗಿಸಿ ಮಡಿಸುತ್ತಾರೆ. ಅದರ ವಾಸನೆ ತಲೆಗೇರುವುದು ಎಲ್ಲರ ಅನುಭವ. ವಾಸನೆ ಬರುವುದು ಅದರಲ್ಲಿನ ದ್ರಾವಕ ಆವಿಯಾಗುವುದರಿಂದ. ತಂದೆತಾಯಿಯರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. 1970ರ ದಶಕದಲ್ಲಿ ತುರ್ಕಿಯ ವೈದ್ಯ ಮುಜಫರ್ ಅಕ್ಸೋಯ್ ಇಸ್ತಾಂಬುಲಿನ ಷೂ ಕೆಲಸಗಾರರಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚಾಗಿರುವುದನ್ನು ಗುರುತಿಸಿ, ಅದರ ಮೂಲ ಅವರು ಬಳಸುತ್ತಿದ್ದ ಅಂಟಿನ ಬೆಂಜೀನ್ ಎಂದು ತೋರಿಸಿದರು. ಹೆಕ್ಸೇನ್ ಎಂಬ ಇನ್ನೊಂದು ದ್ರಾವಕ ಕೈಕಾಲಿನ ನರಗಳನ್ನು ದುರ್ಬಲಗೊಳಿಸುತ್ತದೆ. ಮುಚ್ಚಿದ ಕೋಣೆಯಲ್ಲಿ, ಕಿಟಕಿ ಹಾಕಿಕೊಂಡು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕೆಲಸ ಮಾಡುವುದು ತಪ್ಪು. ಕಿಟಕಿ ತೆರೆದಿರಬೇಕು, ಗಾಳಿ ಹೊರಹಾಕುವ ಫ್ಯಾನ್ ಇರಬೇಕು, ಡಬ್ಬಿಗೆ ಮುಚ್ಚಳ ಇರಬೇಕು, ಬೀಡಿ ಬೆಂಕಿ ಹತ್ತಿರ ಸುಳಿಯಬಾರದು. ಬಿಸಿ ಅಂಟಿನ ಯಂತ್ರದಲ್ಲಿ ಈ ದ್ರಾವಕಗಳು ಇಲ್ಲ ಎಂಬುದು ದೊಡ್ಡ ಲಾಭ. ಆದರೆ ಅಲ್ಲಿ ಸುಟ್ಟುಕೊಳ್ಳುವ ಭಯವಿದೆ, ಸುತ್ತಿಗೆಯ ಕೆಳಗೆ ಬೆರಳು ಸಿಕ್ಕುವ ಭಯವಿದೆ. ಸುಟ್ಟ ಅಂಟಿನ ಹೊಗೆಯೂ ಒಳ್ಳೆಯದಲ್ಲ.

ದಿನದ ಆರೈಕೆ

ಯಂತ್ರ ಕೆಡುವುದು ಒಂದೇ ದಿನದಲ್ಲಿ ಅಲ್ಲ, ಪ್ರತಿದಿನದ ಅಲಕ್ಷ್ಯದಿಂದ. ಬೆಳಿಗ್ಗೆ ಮೊದಲು ಅಂಟಿನ ಕಾವು ಹಾಕಿ, ಪೂರ್ತಿ ಕರಗುವ ತನಕ ಕಾಯಬೇಕು. ಅವಸರಪಟ್ಟು ಮೋಟರು ಚಾಲೂ ಮಾಡಿದರೆ ಗಟ್ಟಿ ಅಂಟಿನಲ್ಲಿ ಪಂಪು ಸಿಕ್ಕಿ ಹಾಳಾಗುತ್ತದೆ. ಕಾಯುವ ಹೊತ್ತಿನಲ್ಲಿ ಎಣ್ಣೆಯ ತೂತುಗಳಿಗೆ ಒಂದೆರಡು ಹನಿ ಬಿಟ್ಟು, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಬೇಕು. ಎಣ್ಣೆ ಲೋಹದ ಮಿತ್ರ, ಅಂಟಿನ ಶತ್ರು. ಚರ್ಮದ ಮೇಲೆ ಒಂದು ಹನಿ ಬಿದ್ದರೆ ಕಲೆಯೂ ಆಯಿತು, ಆ ಜಾಗದಲ್ಲಿ ಅಂಟೂ ಹಿಡಿಯದು.

ಹೊಸ ಚರ್ಮ ಬಂದಾಗಲೆಲ್ಲ ಅದೇ ಚರ್ಮದ ಚೂರಿನಲ್ಲಿ ಒಂದು ನೇರ ಅಂಚು, ಒಂದು ಮೂಲೆ ಮಡಿಸಿ ನೋಡಬೇಕು. ತಣಿದ ಮೇಲೆ ಉಗುರಿನಿಂದ ಬಿಚ್ಚಲು ಯತ್ನಿಸಬೇಕು. ಅಂಟು ಎಳೆಗಳನ್ನು ಕಿತ್ತುಕೊಂಡು ಬಂದರೆ ಹಿಡಿತ ಸರಿ. ನುಣ್ಣಗೆ ಎದ್ದು ಬಂದರೆ ಕಾವನ್ನೋ ಒತ್ತಡವನ್ನೋ ಸರಿಪಡಿಸಬೇಕು.

ಊಟದ ವಿರಾಮದಲ್ಲಿ ಅಂಟಿನ ಕಾವನ್ನು ತಗ್ಗಿಸಬೇಕು. ಬಳಸದೆ ಪೂರ್ತಿ ಕಾವಿನಲ್ಲಿ ಬಿಟ್ಟ ಅಂಟು ಗಾಳಿಯ ಆಮ್ಲಜನಕದೊಂದಿಗೆ ವರ್ತಿಸಿ ಕರಿಕಾಗಿ ನಾಜಲನ್ನು ಕಟ್ಟುತ್ತದೆ. ಸಂಜೆ, ಅಂಟು ಇನ್ನೂ ಬೆಚ್ಚಗಿರುವಾಗಲೇ, ಮೋಟರು ನಿಲ್ಲಿಸಿ, ದಪ್ಪ ಕೈಗವಸು ಹಾಕಿಕೊಂಡು ಪಾದ, ಸುತ್ತಿಗೆ, ತಡೆಗಳಿಗೆ ಅಂಟಿದ್ದನ್ನು ಮರದ ಅಥವಾ ಹಿತ್ತಾಳೆಯ ಕಡ್ಡಿಯಿಂದ ತೆಗೆಯಬೇಕು. ಉಕ್ಕಿನ ಚಾಕು ಕೂಡದು. ಅದು ಮಾಡಿದ ಗೀರು ಮರುದಿನ ಪ್ರತಿ ಚರ್ಮದ ಮೇಲೂ ಅಚ್ಚಾಗಿ ಬೀಳುತ್ತದೆ. ಆಮೇಲೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಚರ್ಮದ ಹುಡಿಯನ್ನು ಕುಂಚದಿಂದ ಗುಡಿಸಿ, ಯಂತ್ರಕ್ಕೆ ಬಟ್ಟೆ ಹೊದಿಸಬೇಕು.

ವಾರಕ್ಕೊಮ್ಮೆ ಕಚ್ಚು ಹಾಕುವ ಅಲಗಿನ ಹರಿತ ನೋಡಬೇಕು. ಕಚ್ಚು ಮಡಿಕೆಯ ಗೆರೆಯನ್ನು ಮುಟ್ಟಬಾರದು. ಮುಟ್ಟಿದರೆ ಪರ್ಸಿನ ಹೊರಗೆ ತೂತು ಕಾಣುತ್ತದೆ. ತಡೆಯ ಸ್ಕ್ರೂ ಸಡಿಲವಾಗಿದ್ದರೆ ಮಡಿಕೆಯ ಅಗಲ ಅಲೆಅಲೆಯಾಗುತ್ತದೆ. ವಿದ್ಯುತ್ತಿನ ಅರ್ಥ್ ತಂತಿ ಸರಿಯಿದೆಯೇ ಎಂಬುದನ್ನು ಬಲ್ಲವರಿಂದ ನೋಡಿಸಬೇಕು. ಬೆರಳು ಹಾಕುವ ಮೊದಲು ವಿದ್ಯುತ್ ತೆಗೆಯುವುದು ಮಾತ್ರ ವಾರಕ್ಕೊಮ್ಮೆಯ ನಿಯಮವಲ್ಲ, ಪ್ರತಿಸಲದ ನಿಯಮ.

ಪಾವಗಡದಂಥ ಒಣ ಸೀಮೆಯಲ್ಲಿ ಇನ್ನೆರಡು ಎಚ್ಚರ ಬೇಕು. ಚರ್ಮ ಗಾಳಿಯ ತೇವವನ್ನು ಹೀರುತ್ತ, ಬಿಡುತ್ತ ಇರುತ್ತದೆ. ಬೇಸಿಗೆಯ ಒಣ ಗಾಳಿಯಲ್ಲಿ ತೇವ ಕಳೆದುಕೊಂಡ ಚರ್ಮ ಬಿರುಸಾಗಿ, ಮಡಿಸಿದರೆ ಬಿರಿಯುತ್ತದೆ. ಆದ್ದರಿಂದ ಕತ್ತರಿಸಿದ ತುಂಡುಗಳನ್ನು ಕಿಟಕಿಯ ಬಿಸಿಲಿಗೆ, ಫ್ಯಾನಿನ ಕೆಳಗೆ ಹರಡದೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಡುವುದು ಒಳ್ಳೆಯದು. ಇನ್ನೊಂದು, ಧೂಳು. ಎಣ್ಣೆಗೆ ಸೇರಿದ ಧೂಳು ಸಾಣೆಯ ಪುಡಿಯಂತೆ ಲೋಹವನ್ನು ಸವೆಸುತ್ತದೆ.

ವಿದ್ಯುತ್ತು ಇದೆ, ಕೈ ಬೇಕು

ಇಂಥ ಯಂತ್ರದ ಮೋಟರು ಮನೆಯ ಮಿಕ್ಸಿಯ ಮೋಟರಿಗೆ ಹೋಲಿಸಬಹುದಾದಷ್ಟು ಚಿಕ್ಕದು. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವ್ಯಾಟ್. 2019ರ ಕೊನೆಗೆ ಅದು ಪೂರ್ಣಗೊಂಡಿತು. ಬಿಸಿಲು ಬಿಟ್ಟರೆ ಬೇರೇನಿಲ್ಲ ಎಂದು ಮೂದಲಿಸುತ್ತಿದ್ದ ಊರು ಬಿಸಿಲಿನಿಂದಲೇ ಹೆಸರಾಯಿತು. ಸೌರಫಲಕ ತಾನಾಗಿಯೇ ಕೆಲಸ ಮಾಡುತ್ತದೆ. ಅದಕ್ಕೆ ಬೇಕಾಗುವ ಕೈಗಳು ಕಡಿಮೆ. ಕೈಗಳಿಗೆ ಕೆಲಸ ಕೊಡುವುದು ಚರ್ಮದಂಥ ಕಸುಬುಗಳು. ಆ ಕೈಗಳು ಕಲಿತ ಕೈಗಳಾಗಿರಬೇಕು, ಅಷ್ಟೆ.

ಕಲಿಯಲು ದಾರಿಗಳಿವೆ. 1976ರಲ್ಲಿ ಸ್ಥಾಪನೆಯಾದ, ಲಿಡ್ಕರ್ ಎಂದು ಹೆಸರಾದ ರಾಜ್ಯದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ ಈಗ ಡಾ. ಬಾಬು ಜಗಜೀವನ ರಾಂ ಅವರ ಹೆಸರು ಹೊತ್ತಿದೆ. ಚರ್ಮದ ಕುಶಲಕರ್ಮಿಗಳಿಗೆ ತರಬೇತಿ ಕೊಡಿಸುವುದು, ಅವರು ಮಾಡಿದ ವಸ್ತುಗಳನ್ನು ಮಳಿಗೆಗಳಲ್ಲಿ ಮಾರುವುದು ಅದರ ಕೆಲಸಗಳಲ್ಲಿ ಸೇರಿವೆ. ಚೆನ್ನೈನಲ್ಲಿ 1948ರಲ್ಲಿ ಆರಂಭವಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಜಗತ್ತಿನ ದೊಡ್ಡ ಚರ್ಮ ಸಂಶೋಧನಾ ಕೇಂದ್ರಗಳಲ್ಲಿ ಒಂದು. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಚರ್ಮ ತಂತ್ರಜ್ಞಾನದಲ್ಲಿ ಬಿ.ಟೆಕ್. ಕೂಡ ಮಾಡಬಹುದು. ಶಾಲೆ ಬಿಡಿಸಿ ಮಗುವನ್ನು ಕಸುಬಿಗೆ ಹಚ್ಚುವ ಮಾತಲ್ಲ ಇದು. ಶಾಲೆಯ ಓದು ಕಸುಬಿಗೆ ಬೆಳಕಾಗುವ ಮಾತು.

ಅಂದು ಮಧ್ಯಾಹ್ನ ಆ ಹುಡುಗನಿಗೆ ಹಿರಿಯ ಕೆಲಸಗಾರ ಹೊಸದೇನನ್ನೂ ಹೇಳಲಿಲ್ಲ ಎನ್ನೋಣ. ಅಂಚಿನ ದಪ್ಪ ಅಳೆಸಿದ, ಅಂಟಿನ ಕಾವು ನೋಡಿಸಿದ, ಮೂಲೆಯಲ್ಲಿ ಪಾದ ಸಡಿಲಿಸಲು ಹೇಳಿದ. ಸಂಜೆಯ ಹೊತ್ತಿಗೆ ವಾಪಸು ಬಂದ ತುಂಡುಗಳು ಬೆರಳೆಣಿಕೆಯಷ್ಟು. ‘ಇದನ್ನೆಲ್ಲ ನಮ್ಮ ಮೇಷ್ಟ್ರು ಹೇಳಿದ್ದರಣ್ಣ, ಚರ್ಮಕ್ಕೆ ಅಂತ ಗೊತ್ತಿರಲಿಲ್ಲ’ ಎಂದು ಅವನು ಹೇಳಿದ್ದರೆ ಆಶ್ಚರ್ಯವಿಲ್ಲ.

ಮುಂದಿನ ಸಲ ಪೇಟೆಯಲ್ಲಿ ಪರ್ಸು, ಬೆಲ್ಟು, ಶಾಲೆಯ ಚೀಲ ಕೊಳ್ಳುವಾಗ ಬಣ್ಣ ನೋಡುವ ಮೊದಲು ಮೂಲೆಗಳ ಮೇಲೆ ಹೆಬ್ಬೆರಳು ಆಡಿಸಿ. ಗಂಟಿಲ್ಲದೆ, ಉಬ್ಬಿಲ್ಲದೆ ಬೆರಳು ಜಾರಿದರೆ, ಅದನ್ನು ಮಾಡಿದವರಿಗೆ ಲೆಕ್ಕ ಗೊತ್ತಿತ್ತು ಎಂದು ತಿಳಿಯಿರಿ.